ಕಾಗದದ ಸೂಕ್ಷ್ಮದರ್ಶಕ, ನಾಲ್ಕನೇ ತರಗತಿಯ ಕೈಗಳು: ಫೋಲ್ಡ್‌ಸ್ಕೋಪ್ ಬಳಸಿದ ಒಂದು ವರ್ಷ

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳಿಗೆ ಪರಿಸರ ಅಧ್ಯಯನ ಕಲಿಸುವವಳು ನಾನು. ನಮ್ಮ ಶಾಲೆಯ ಬೀರುವಿನಲ್ಲಿ ಭಾರವಾದ ಹಳೆಯ ಸೂಕ್ಷ್ಮದರ್ಶಕವೊಂದಿದೆ. ಅದು ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಹೊರಗೆ ಬರುತ್ತದೆ, ಸಂಜೆಯ ಹೊತ್ತಿಗೆ ಮತ್ತೆ ಬಟ್ಟೆ ಹೊದ್ದು ಒಳಗೆ ಹೋಗುತ್ತದೆ. ಅಂದು ಮಕ್ಕಳು ಸಾಲಾಗಿ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಬ್ಬೊಬ್ಬರಾಗಿ ಕಣ್ಣಿಟ್ಟು ನೋಡಿ, "ಕಾಣಿಸ್ತು ಮಿಸ್" ಎಂದು ಹೇಳಿ ಮುಂದೆ ಸಾಗುತ್ತಾರೆ. ಏನು ಕಾಣಿಸಿತು ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಮುಟ್ಟಲು ಬಿಡದ ಉಪಕರಣದಿಂದ ಮಗು ಏನನ್ನೂ ಕಲಿಯುವುದಿಲ್ಲ ಎಂಬುದು ನನಗೆ ಬಹಳ ಹಿಂದೆಯೇ ಮನದಟ್ಟಾಗಿತ್ತು. ಆದರೆ ಮುಟ್ಟಲು ಬಿಡಬಹುದಾದ ಉಪಕರಣ ಯಾವುದು ಎಂಬುದು ಗೊತ್ತಿರಲಿಲ್ಲ.

ಕಳೆದ ವರ್ಷ ಊರಿನ ಹಳೆಯ ವಿದ್ಯಾರ್ಥಿಗಳು ಸೇರಿಸಿ ಕೊಟ್ಟ ಹಣದಲ್ಲಿ ನಾವು ಹದಿನಾಲ್ಕು ಫೋಲ್ಡ್‌ಸ್ಕೋಪ್‌ಗಳನ್ನು ತರಿಸಿಕೊಂಡೆವು. ಇಪ್ಪತ್ತೆಂಟು ಮಕ್ಕಳು, ಇಬ್ಬರಿಗೆ ಒಂದು. ಜೂನ್‌ನಿಂದ ಮಾರ್ಚ್‌ವರೆಗೆ ವಾರಕ್ಕೊಂದು ಅವಧಿಯಂತೆ ಅವನ್ನು ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಪ್ರಾಥಮಿಕ ಶಾಲೆಗೆ ವಿಜ್ಞಾನದ ಸಲಕರಣೆ ಕೊಳ್ಳಬೇಕೆಂದಿರುವ ಶಿಕ್ಷಕರಿಗೂ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಿಗೂ, ಮನೆಯಲ್ಲಿ ಮಕ್ಕಳಿಗೆ ಏನಾದರೂ ಒಳ್ಳೆಯದನ್ನು ಕೊಡಿಸಬೇಕೆಂದಿರುವ ತಂದೆತಾಯಿಗಳಿಗೂ ಇದು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ಮೊದಲು ವಸ್ತುವಿನ ಬಗ್ಗೆ. ಫೋಲ್ಡ್‌ಸ್ಕೋಪ್ ಎಂಬುದು ಮಡಚಿ ಕಟ್ಟುವ ಕಾಗದದ ಸೂಕ್ಷ್ಮದರ್ಶಕ. ಮೀರತ್‌ನಲ್ಲಿ ಹುಟ್ಟಿ, ಕಾನ್ಪುರದ ಐಐಟಿಯಲ್ಲಿ ಓದಿ, ಈಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿರುವ ಮನು ಪ್ರಕಾಶ್ ಮತ್ತು ಅವರ ವಿದ್ಯಾರ್ಥಿಯಾಗಿದ್ದ ಜಿಮ್ ಸಿಬುಲ್‌ಸ್ಕಿ ಇದನ್ನು ರೂಪಿಸಿದರು; ಇದರ ವಿವರಗಳುಳ್ಳ ಸಂಶೋಧನಾ ಲೇಖನ 2014ರಲ್ಲಿ ಪ್ರಕಟವಾಯಿತು. ಹಾಳೆಯಿಂದ ಭಾಗಗಳನ್ನು ಬಿಡಿಸಿ, ಗೆರೆಗಳ ಮೇಲೆ ಮಡಚಿ, ಒಂದರೊಳಗೊಂದು ಸಿಕ್ಕಿಸಿದರೆ ಅಂಗೈಯಲ್ಲಿ ಅಡಗುವ ಉಪಕರಣ ಸಿದ್ಧವಾಗುತ್ತದೆ. ಆ ಲೇಖನದಲ್ಲಿ ಹೇಳಿರುವ ತೂಕ ಒಂಬತ್ತು ಗ್ರಾಮಿನ ಆಸುಪಾಸು. ಮಾರಾಟಕ್ಕಿರುವ ಫೋಲ್ಡ್‌ಸ್ಕೋಪ್ ವಸ್ತುವನ್ನು 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ ಮತ್ತು ಸುಮಾರು ಎರಡು ಮೈಕ್ರಾನ್‌ವರೆಗಿನ ವಿವರಗಳನ್ನು ಬಿಡಿಸಿ ಕಾಣಿಸುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪ ಹೆಚ್ಚುಕಡಿಮೆ ಎಪ್ಪತ್ತು ಮೈಕ್ರಾನ್.

ಇಷ್ಟು ಶಕ್ತಿಯೆಲ್ಲ ಇರುವುದು ದಪ್ಪ ಸಾಸಿವೆ ಕಾಳಿನಷ್ಟು ದೊಡ್ಡದಾದ ಒಂದು ಗಾಜಿನ ಗುಂಡಿನಲ್ಲಿ. ಗುಂಡು ಚಿಕ್ಕದಾದಷ್ಟೂ ಬೆಳಕನ್ನು ಹೆಚ್ಚು ಬಾಗಿಸುತ್ತದೆ, ಹಿಗ್ಗಿಸುವ ಶಕ್ತಿಯೂ ಹೆಚ್ಚುತ್ತದೆ. ಆದರೆ ವಸ್ತುವನ್ನೂ ಕಣ್ಣನ್ನೂ ಗಾಜಿಗೆ ತೀರಾ ಹತ್ತಿರ ತರಬೇಕಾಗುತ್ತದೆ. 17ನೇ ಶತಮಾನದಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವೆನ್‌ಹುಕ್ ಕೆರೆನೀರಿನ ಸೂಕ್ಷ್ಮಜೀವಿಗಳನ್ನು ಕಂಡದ್ದು ಇಂಥದೇ ಒಂಟಿ ಮಸೂರದ ಉಪಕರಣದಲ್ಲಿ. ಒಂಟಿ ಮಸೂರದಿಂದ ಪುಟ್ಟ ಮಕ್ಕಳಿಗೆ ಆಗುವ ಒಂದು ಲಾಭವನ್ನು ಯಾರೂ ಎತ್ತಿ ಹೇಳಿದ್ದನ್ನು ನಾನು ಕಂಡಿಲ್ಲ. ಬೀರುವಿನ ಸೂಕ್ಷ್ಮದರ್ಶಕದಲ್ಲಿ ಎರಡು ಹಂತದ ಮಸೂರಗಳಿರುವುದರಿಂದ ಚಿತ್ರ ತಲೆಕೆಳಗಾಗಿ ಕಾಣುತ್ತದೆ. ನೋಡುವ ವಸ್ತುವನ್ನಿಟ್ಟ ಪಟ್ಟಿಯನ್ನು, ಅಂದರೆ ಸ್ಲೈಡನ್ನು, ಬಲಕ್ಕೆ ಸರಿಸಿದರೆ ಚಿತ್ರ ಎಡಕ್ಕೆ ಓಡುತ್ತದೆ, ಒಂಬತ್ತು ವರ್ಷದ ಮಗುವಿನ ಕೈ ಗೊಂದಲಕ್ಕೆ ಬೀಳುತ್ತದೆ. ಫೋಲ್ಡ್‌ಸ್ಕೋಪಿನಲ್ಲಿ ಚಿತ್ರ ನೇರವಾಗಿರುತ್ತದೆ, ಸ್ಲೈಡು ಸರಿದ ಕಡೆಗೇ ಚಿತ್ರವೂ ಸರಿಯುತ್ತದೆ. ನಮ್ಮ ಮಕ್ಕಳು ಹತ್ತೇ ನಿಮಿಷದಲ್ಲಿ ಬೇಕಾದದ್ದನ್ನು ನೋಟದ ನಡುವಿಗೆ ತಂದು ನಿಲ್ಲಿಸುವುದನ್ನು ಕಲಿತದ್ದಕ್ಕೆ ಇದೇ ಕಾರಣ ಎಂದು ನಾನು ನಂಬಿದ್ದೇನೆ.

ಕಟ್ಟುವ ಕೆಲಸಕ್ಕೆ ನಲವತ್ತು ನಿಮಿಷದ ಎರಡು ಅವಧಿಗಳು ಬೇಕಾದವು. ಕಾಗದದ ದೋಣಿ, ರಾಕೆಟ್ಟು ಮಾಡಿ ಪಳಗಿದ ಕೈಗಳಾದರೂ ಗೆರೆಯ ಮೇಲೆ ಉಗುರು ಎಳೆದು ಚೂಪಾಗಿ ಮಡಚುವ ಅಭ್ಯಾಸ ಎಲ್ಲರಿಗೂ ಇರಲಿಲ್ಲ. ಕೆಲವರು ಹಿಂದುಮುಂದಾಗಿ ಮಡಚಿದರು, ಕೆಲವರು ಮಸೂರದ ಮೇಲೆ ಬೆರಳೊತ್ತಿ ಮಂಜು ಕವಿದಂತೆ ಮಾಡಿಕೊಂಡರು, ನಾನು ಅವಸರಪಡಿಸಿದ್ದರಿಂದ ಎರಡು ಕಡೆ ಸಿಕ್ಕಿಸುವ ನಾಲಗೆಗಳು ಹರಿದವು. ಹರಿದದ್ದನ್ನು ಮಕ್ಕಳೇ ಅಂಟುಪಟ್ಟಿ ಹಾಕಿ ಸರಿಪಡಿಸಿದರು. ಈ ಎಂಬತ್ತು ನಿಮಿಷ ಪಾಠಕ್ಕೆ ಮುಂಚಿನ ಸಿದ್ಧತೆಯಲ್ಲ, ಅದೇ ಪಾಠ ಎಂದು ನನಗೆ ಅನಿಸಿದ್ದು ಮೂರನೆಯ ವಾರದಲ್ಲಿ. ಚಿತ್ರ ಮಸುಕಾಗಿದೆ ಎಂದು ಒಬ್ಬ ಹುಡುಗ ದೂರು ತಂದ. ನಾನು ಎದ್ದು ಹೋಗುವಷ್ಟರಲ್ಲಿ ಅವನ ಜೊತೆಗಾತಿ ಉಪಕರಣವನ್ನು ಬಿಚ್ಚಿ, ಮಸೂರವನ್ನು ತನ್ನ ಹತ್ತಿ ಬಟ್ಟೆಯ ಅಂಚಿನಿಂದ ಮೆಲ್ಲಗೆ ಒರೆಸಿ, ಮತ್ತೆ ಕಟ್ಟಿ ಅವನ ಕೈಗಿಟ್ಟಿದ್ದಳು. ತಾನೇ ಕಟ್ಟಿದ್ದನ್ನು ಬಿಚ್ಚಲು ಮಗು ಹೆದರುವುದಿಲ್ಲ. ಪ್ರಾಥಮಿಕ ಹಂತದ ತಂತ್ರಜ್ಞಾನ ಶಿಕ್ಷಣವೆಂದು ಈಗ ಬಹಳ ದುಬಾರಿಯ ಕಿಟ್‌ಗಳು ಶಾಲೆಗಳಿಗೆ ಬರುತ್ತಿವೆ; ಅವುಗಳಲ್ಲಿ ಒಳ್ಳೆಯವೂ ಇರಬಹುದು. ಆದರೆ ಕೆಟ್ಟರೆ ತೆರೆದು ನೋಡಲಾಗದ ಡಬ್ಬಿಗಿಂತ ತಾನೇ ರಿಪೇರಿ ಮಾಡಬಲ್ಲ ಕಾಗದದ ಉಪಕರಣವೇ ಆ ವಯಸ್ಸಿಗೆ ದೊಡ್ಡ ತಂತ್ರಜ್ಞಾನ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮಗೆ ಬಂದ ಪೊಟ್ಟಣದ ಸೂಚನೆಗಳು ಇಂಗ್ಲಿಷಿನಲ್ಲಿದ್ದವು. ಚಿತ್ರಗಳೂ ಬಣ್ಣದ ಗುರುತುಗಳೂ ಇದ್ದುದರಿಂದ ತೊಂದರೆಯಾಗಲಿಲ್ಲವಾದರೂ ನಾನು ಒಂದು ಪುಟದ ಕನ್ನಡ ಸೂಚನೆ ಬರೆದು ಹಂಚಿದೆ. ಫೋಕಸ್ ಮಾಡುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ನಾನು ತಡವರಿಸುತ್ತಿರುವಾಗ ಮಕ್ಕಳೇ ಅದಕ್ಕೆ "ತಿಳಿ ಮಾಡೋದು" ಎಂದು ಹೆಸರಿಟ್ಟರು, ಕದಡಿದ ನೀರು ತಿಳಿಯಾಗುವ ಹಾಗೆ. "ಸ್ವಲ್ಪ ಜಾರಿಸು, ತಿಳಿಯಾಗ್ತದೆ" ಎಂದು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಅದಕ್ಕಿಂತ ಒಳ್ಳೆಯ ಪದ ನನಗೆ ಇದುವರೆಗೆ ಸಿಕ್ಕಿಲ್ಲ.

ಮೊದಲ ತಿಂಗಳು ನಾವು ನೋಡಿದ್ದೆಲ್ಲ ಅಡುಗೆಮನೆ ಮತ್ತು ಶಾಲೆಯ ಅಂಗಳದ ವಸ್ತುಗಳು. ಉಪ್ಪಿನ ಹರಳು ಮೂಲೆಗಳುಳ್ಳ ಚೌಕಗಳಾಗಿ ಕಂಡಿತು, ಸಕ್ಕರೆಯ ಆಕಾರ ಬೇರೆ. ಕ್ಯಾಲೆಂಡರಿನ ದೇವರ ಪಟದ ಒಂದು ಚೂರಿನಲ್ಲಿ ಬಣ್ಣವೆಲ್ಲ ಬಿಡಿ ಬಿಡಿ ಚುಕ್ಕೆಗಳಾಗಿ ಒಡೆದವು, ಹಸಿರು ಎಂದುಕೊಂಡಿದ್ದ ಕಡೆ ನೀಲಿ ಮತ್ತು ಹಳದಿ ಚುಕ್ಕೆಗಳಿದ್ದವು. ಅಂಗಳದಲ್ಲಿ ಸತ್ತು ಬಿದ್ದಿದ್ದ ಚಿಟ್ಟೆಯ ರೆಕ್ಕೆಯನ್ನು ನೋಡಿದವಳು "ಹೆಂಚು ಹೊದಿಸಿದಾರೆ ಮಿಸ್" ಎಂದಳು. ರೆಕ್ಕೆಯ ಪುಡಿ ಎಂದು ನಾವು ಬೆರಳಿಗೆ ಅಂಟಿಸಿಕೊಳ್ಳುವುದು ಹೆಂಚಿನ ಹಾಗೆ ಒಂದರ ಮೇಲೊಂದು ಕೂತ ಪೊರೆಚೂರುಗಳು ಎಂದು ನಾನು ಆಮೇಲೆ ಹೇಳಬೇಕಾದದ್ದೇನೂ ಉಳಿದಿರಲಿಲ್ಲ. ದಾಸವಾಳದ ಪರಾಗವನ್ನು ಅಂಟುಪಟ್ಟಿಯ ಮೇಲೆ ಉದುರಿಸಿ ನೋಡಿದ ದಿನ ತರಗತಿಯಲ್ಲಿ ಗದ್ದಲವೇ ಎದ್ದಿತು. ಮೈತುಂಬ ಮುಳ್ಳಿರುವ ಗುಂಡುಗಳು. ಒಬ್ಬ ಹುಡುಗ ತನ್ನ ಪುಸ್ತಕದಲ್ಲಿ ಅದರ ಚಿತ್ರ ಬರೆದು ಕೆಳಗೆ "ಹಲಸಿನಕಾಯಿ" ಎಂದು ಬರೆದಿದ್ದ. ಮುಳ್ಳು ಏಕಿರಬಹುದು ಎಂದು ಕೇಳಿದಾಗ, ಹುಲ್ಲಿನ ಮುಳ್ಳು ಲಂಗಕ್ಕೆ ಅಂಟಿಕೊಳ್ಳುವ ಹಾಗೆ ಜೇನುಹುಳದ ಮೈಗೆ ಅಂಟಿಕೊಳ್ಳುವುದಕ್ಕಿರಬಹುದು ಎಂದು ಒಬ್ಬಳು ಹೇಳಿದಳು. ಪರಾಗಸ್ಪರ್ಶ ಎಂಬ ಪದವನ್ನು ನಾನು ಆ ದಿನ ಬೋರ್ಡಿನ ಮೇಲೆ ಬರೆಯಲೇ ಇಲ್ಲ, ಬರೆಯುವ ಅಗತ್ಯ ಬರಲಿಲ್ಲ.

ಆದರೆ ಈ ವಿಮರ್ಶೆಯಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಕೆರೆನೀರಿನ ವಾರದ ಕಥೆ. ಮಳೆ ಬಂದು ಕೆರೆಗೆ ನೀರಾದ ಮೇಲೆ, ಹಾವಸೆ ಕಟ್ಟಿದ ದಡದಿಂದ ಒಂದು ಸೀಸೆ ನೀರು ತಂದೆವು. ಪ್ರತಿ ಜೋಡಿಯೂ ಒಂದು ಹನಿಯನ್ನು ನೋಡಿ, ಕಂಡದ್ದನ್ನು ಬರೆಯಬೇಕು. ಪುಸ್ತಕಗಳನ್ನು ಸಂಜೆ ತಿದ್ದಲು ಕೂತಾಗ ಹದಿನಾಲ್ಕರಲ್ಲಿ ಹನ್ನೊಂದು ಜೋಡಿಗಳ ಪುಸ್ತಕದಲ್ಲಿ ಒಂದೇ ಪ್ರಾಣಿ ಇತ್ತು: ಕಪ್ಪು ಅಂಚಿನ, ಅಚ್ಚುಕಟ್ಟಾದ ದುಂಡು ಜೀವಿ, ನಡುವೆ ಬೆಳಕಿನ ಕಣ್ಣು. ಕೆಲವರು ಅದಕ್ಕೆ ಬಾಲ ಸೇರಿಸಿದ್ದರು. ಅದು ಪ್ರಾಣಿಯಲ್ಲ, ಸ್ಲೈಡಿನಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆ. ಅಂಟುಪಟ್ಟಿ ಹಾಕಿ ಸ್ಲೈಡ್ ಮಾಡುವಾಗ ಗಾಳಿ ಸೇರುವುದು ಸಹಜ. ಮಾರನೆಯ ದಿನ ಬೋರ್ಡಿನ ಮೇಲೆ ಬರೆದು ಹೇಳಿಬಿಟ್ಟರೆ ಎರಡು ನಿಮಿಷದ ಕೆಲಸ. ಹೇಳಬಾರದೆಂದು ನಾನು ಬಹಳ ಕಷ್ಟಪಟ್ಟು ಸುಮ್ಮನಿದ್ದೆ. "ಇದು ಕೆರೆಯಲ್ಲಿರುವ ಪ್ರಾಣಿಯೋ, ನಾವೇ ಒಳಗೆ ಬಿಟ್ಟದ್ದೋ, ಹೇಗೆ ಗೊತ್ತು ಮಾಡುವುದು?" ಎಂದಷ್ಟೇ ಕೇಳಿದೆ.

ಆ ಅವಧಿಯ ಅರ್ಧ ಭಾಗ ವಾದದಲ್ಲಿ ಕಳೆಯಿತು. ಪ್ರಾಣಿಯಾದರೆ ಓಡಾಡಬೇಕು ಎಂದು ಒಬ್ಬ ಹೇಳಿದ. ಮಲಗಿರಬಹುದಲ್ಲ ಎಂದು ಇನ್ನೊಬ್ಬಳು ಉತ್ತರ ಕೊಟ್ಟಳು. ಕೊನೆಗೆ ಹಿಂದಿನ ಬೆಂಚಿನ ಒಬ್ಬ ಹುಡುಗ, ಅದುವರೆಗೆ ಹೆಚ್ಚು ಮಾತಾಡಿದವನೇ ಅಲ್ಲ, "ಕುಡಿಯೋ ನೀರು ಹಾಕಿ ನೋಡಣ, ಅದ್ರಲ್ಲೂ ಇದ್ರೆ ಪ್ರಾಣಿ ಅಲ್ಲ" ಎಂದ. ಕಾಯಿಸಿ ಆರಿಸಿದ ನೀರಿನ ಹನಿ ಹಾಕಿದರು, ಅದರಲ್ಲೂ ದುಂಡು ಜೀವಿಗಳಿದ್ದವು. ಸೋಪಿನ ನೊರೆ ಹಾಕಿದರು, ಜೀವಿಗಳು ಗುಂಪುಗಟ್ಟಿಕೊಂಡಿದ್ದವು. ಹೋಲಿಸಿ ನೋಡುವುದಕ್ಕಾಗಿ ಏನೂ ಇಲ್ಲದ ಇನ್ನೊಂದು ಮಾದರಿಯನ್ನು ಪಕ್ಕದಲ್ಲಿಟ್ಟುಕೊಳ್ಳುವ ಈ ವಿಧಾನವನ್ನು ವಿಜ್ಞಾನಿಗಳು ದಿನನಿತ್ಯ ಬಳಸುತ್ತಾರೆ. ನಾನು ಅದನ್ನು ಕಲಿತದ್ದು ಪದವಿ ತರಗತಿಯಲ್ಲಿ, ಅದೂ ಒಂದು ವ್ಯಾಖ್ಯೆಯಾಗಿ. ನಾಲ್ಕನೇ ತರಗತಿಯ ಹುಡುಗನೊಬ್ಬ ಅದನ್ನು ತನ್ನ ಅಗತ್ಯಕ್ಕೆ ತಾನೇ ಕಂಡುಕೊಂಡದ್ದನ್ನು ಎದುರು ನಿಂತು ನೋಡಿದೆ. ಆಮೇಲೆ ಅವರು ಗಾಳಿಗುಳ್ಳೆಗಳನ್ನು ಬಿಟ್ಟು ಹುಡುಕಿದಾಗ ನಿಜವಾದ ನಿವಾಸಿಗಳು ಕಾಣಿಸಿದವು: ಸುರುಳಿ ಸುರುಳಿಯಾದ ಹಸಿರು ಪಟ್ಟಿಯುಳ್ಳ ಪಾಚಿಯ ಎಳೆ, ಮತ್ತು ನೋಟದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಚಪ್ಪಲಿಯಾಕಾರದಲ್ಲಿ ಸರ್ರನೆ ಹಾಯ್ದು ಹೋದ, ಪ್ಯಾರಾಮೀಸಿಯಂ ಎಂಬ ಒಂದು ಏಕಕೋಶ ಜೀವಿ. ಅದನ್ನು ಕಂಡವಳು ಕೂಗಿದ ಕೂಗಿಗೆ ಪಕ್ಕದ ತರಗತಿಯ ಮೇಷ್ಟ್ರು ಬಾಗಿಲಿಗೆ ಬಂದು ನಿಂತರು.

ಈ ಪಾಠ ಹುಟ್ಟಿದ್ದು ಉಪಕರಣದ ಕೊರತೆಯಿಂದಲೇ ಎಂಬುದನ್ನು ಗಮನಿಸಬೇಕು. ಫೋಲ್ಡ್‌ಸ್ಕೋಪ್ ಎಲ್ಲವನ್ನೂ ಚೊಕ್ಕವಾಗಿ ತೋರಿಸುವ ಯಂತ್ರವಲ್ಲ. ಗುಂಡು ಮಸೂರದ ಸ್ವಭಾವದಿಂದಾಗಿ ನೋಟದ ನಡುಭಾಗ ಮಾತ್ರ ಸ್ಪಷ್ಟವಾಗಿದ್ದು ಅಂಚುಗಳು ಮಸುಕಾಗಿರುತ್ತವೆ. ದಪ್ಪ ವಸ್ತುವಿನ ಒಂದು ಪದರ ತಿಳಿಯಾದರೆ ಮತ್ತೊಂದು ಕದಡುತ್ತದೆ. ಕಣ್ಣನ್ನು ಮಸೂರಕ್ಕೆ ತಾಗುವಷ್ಟು ಹತ್ತಿರ ತರಬೇಕಾದ್ದರಿಂದ ಮಕ್ಕಳಿಗೆ ತಮ್ಮ ರೆಪ್ಪೆಗೂದಲೇ ಕಪ್ಪು ಕಡ್ಡಿಗಳಾಗಿ ಕಾಣುತ್ತವೆ, ಅವೂ ಮೊದಲ ವಾರಗಳಲ್ಲಿ ಪ್ರಾಣಿಗಳ ಪಟ್ಟಿಗೆ ಸೇರಿದ್ದವು. ಬ್ಯಾಕ್ಟೀರಿಯಾಗಳನ್ನು ನೋಡುವ ಆಸೆಯಿಂದ ಇದನ್ನು ಕೊಳ್ಳುವವರಿಗೆ ನಿರಾಸೆಯಾಗುತ್ತದೆ, ಅವುಗಳಲ್ಲಿ ಬಹುಪಾಲು ಇದರ ಅಳವಿಗೆ ಸಿಗದಷ್ಟು ಸಣ್ಣವು.

ಇನ್ನು ಕೆಲವು ಕಷ್ಟಗಳು ಮಕ್ಕಳ ವಯಸ್ಸಿಗೆ ಸಂಬಂಧಿಸಿದವು. ಮೂರನೇ ತರಗತಿಯವರ ಕೈಗೂ ಒಮ್ಮೆ ಕೊಟ್ಟು ನೋಡಿದೆ. ಒಂದು ಕಣ್ಣನ್ನು ಮಾತ್ರ ಮುಚ್ಚುವುದು ಅವರಲ್ಲಿ ಅನೇಕರಿಗೆ ಬರಲಿಲ್ಲ. ಒಂದನ್ನು ಮುಚ್ಚಿದರೆ ಇನ್ನೊಂದೂ ಮುಚ್ಚಿಕೊಳ್ಳುತ್ತಿತ್ತು. ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡರೆ ಉಪಕರಣ ಹಿಡಿಯಲು ಕೈ ಸಾಲದು. ಮಡಚುವ ಸೂಕ್ಷ್ಮ ಕೆಲಸವೂ ಆ ಬೆರಳುಗಳಿಗೆ ಭಾರವೇ. ಒಂದರಿಂದ ಮೂರರವರೆಗಿನ ನಲಿಕಲಿ ತರಗತಿಗಳಿಗೆ ಒಳ್ಳೆಯ ಭೂತಗನ್ನಡಿ ಸಾಕು ಎಂಬುದು ನನ್ನ ಸಲಹೆ. ಅದರಲ್ಲಿ ಇರುವೆಯ ಕಾಲು, ಬಟ್ಟೆಯ ನೇಯ್ಗೆ, ಎಲೆಯ ನರ ಇವನ್ನು ನೋಡಿ ಬರೆಯುವ ಅಭ್ಯಾಸವಾದ ಮಗು ನಾಲ್ಕಕ್ಕೆ ಬಂದಾಗ ಫೋಲ್ಡ್‌ಸ್ಕೋಪನ್ನು ಸಲೀಸಾಗಿ ಹಿಡಿಯುತ್ತದೆ.

ಎರಡು ಎಚ್ಚರಿಕೆಗಳನ್ನು ಕಡ್ಡಾಯವಾಗಿ ಪಾಲಿಸಬೇಕು. ಬೆಳಕಿಗಾಗಿ ಮಕ್ಕಳು ಉಪಕರಣವನ್ನು ಆಕಾಶದತ್ತ ಎತ್ತಿ ಹಿಡಿಯುತ್ತಾರೆ, ಹಾಗಾಗಿ ಯಾವ ಕಾರಣಕ್ಕೂ ಸೂರ್ಯನ ಕಡೆ ತಿರುಗಿಸಬಾರದು. ನಾನು ತರಗತಿಯನ್ನು ಯಾವಾಗಲೂ ಉತ್ತರದ ಕಿಟಕಿಗಳ ಬಳಿಯೇ ಕೂರಿಸುತ್ತೇನೆ, ಅಂಗಳಕ್ಕೆ ಒಯ್ಯಲು ಬಿಡುವುದಿಲ್ಲ. ಎರಡನೆಯದು ಕಣ್ಣುಬೇನೆಯ ವಿಷಯ. ಮದ್ರಾಸ್ ಐ ಹರಡುವ ದಿನಗಳಲ್ಲಿ ಒಂದೇ ಮಸೂರಕ್ಕೆ ಇಬ್ಬರು ಕಣ್ಣಿಡುವುದು ಸರಿಯಲ್ಲ; ಅಂಥ ಎರಡು ವಾರ ನಾವು ಫೋಲ್ಡ್‌ಸ್ಕೋಪ್‌ಗಳನ್ನು ಮುಟ್ಟದೆ ಹಳೆಯ ಚಿತ್ರಗಳನ್ನೇ ಹೋಲಿಸುತ್ತ ಕಳೆದೆವು.

ಮೊಬೈಲ್ ಫೋನಿನ ಕ್ಯಾಮೆರಾಗೆ ಅಯಸ್ಕಾಂತದ ಬಿಲ್ಲೆಯಿಂದ ಇದನ್ನು ಅಂಟಿಸಬಹುದು, ಆಗ ಚಿತ್ರ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಶಿಕ್ಷಕರಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಮಗು ಏನನ್ನು ನೋಡುತ್ತಿದೆ ಎಂಬುದು ಬೇರೆ ಯಾವ ರೀತಿಯಲ್ಲೂ ನಮಗೆ ತಿಳಿಯುವುದಿಲ್ಲ. ಆದರೂ ನಾನು ಫೋನನ್ನು ಕೊನೆಗೇ ತೆಗೆಯುತ್ತೇನೆ. ಮೊದಲೇ ತೆಗೆದ ದಿನ ಮಕ್ಕಳೆಲ್ಲ ಪರದೆಯ ಸುತ್ತ ಮುತ್ತಿಕೊಂಡು, ಫೋಟೋ ಬಂದಿದೆಯಲ್ಲ ಎಂದು ಚಿತ್ರ ಬರೆಯುವುದನ್ನೇ ಬಿಟ್ಟರು. ಕೈಯಿಂದ ಬರೆಯುವಾಗ ಮುಳ್ಳುಗಳು ಎಷ್ಟು, ಎಲ್ಲಿ ಒತ್ತಾಗಿವೆ, ಅಂಚು ನೇರವೋ ಡೊಂಕೋ ಎಂದು ಮತ್ತೆ ಮತ್ತೆ ಕಣ್ಣಿಟ್ಟು ನೋಡಲೇಬೇಕಾಗುತ್ತದೆ. ಅಳತೆಗೆ ನಾವು ತಲೆಗೂದಲನ್ನೇ ಬಳಸಿದೆವು: ಪ್ರತಿ ಸ್ಲೈಡಿನಲ್ಲೂ ಒಂದು ಕೂದಲೆಳೆ ಇಟ್ಟು, ವಸ್ತು ಅದಕ್ಕಿಂತ ಎಷ್ಟು ದಪ್ಪ ಎಂದು ಬರೆಯುವುದು. ದಾಸವಾಳದ ಪರಾಗ ಕೂದಲಿಗಿಂತ ದಪ್ಪವಿದೆ ಎಂದು ತಿಳಿದಾಗ ಅವರಿಗಾದ ಅಚ್ಚರಿ ನನಗೂ ಆಯಿತು.

ಬೆಲೆಯ ಬಗ್ಗೆ ಒಂದು ಮಾತು. ಒಂದು ಡಾಲರಿಗಿಂತ ಕಡಿಮೆ ಬೆಲೆಯ ಸೂಕ್ಷ್ಮದರ್ಶಕ ಎಂದು ಇದು ಪ್ರಸಿದ್ಧವಾಗಿದೆ. ಆ ಮಾತು 2014ರ ಲೇಖನದಲ್ಲಿ ಹೇಳಿದ ಬಿಡಿಭಾಗಗಳ ವೆಚ್ಚಕ್ಕೆ ಸಂಬಂಧಿಸಿದ್ದು. ಕೊಳ್ಳುವಾಗ ಅದಕ್ಕಿಂತ ಹಲವು ಪಟ್ಟು ಹೆಚ್ಚು ಕೊಡಬೇಕಾಗುತ್ತದೆ. ಚಿಮಟ, ಗಾಜಿನ ಸ್ಲೈಡು, ದೀಪ ಎಲ್ಲ ಇರುವ ದೊಡ್ಡ ಪೆಟ್ಟಿಗೆ ಶಾಲೆಗೆ ಬೇಕಿಲ್ಲ. ಹಣ ಇರುವಷ್ಟಕ್ಕೂ ಸಾದಾ ಕಿಟ್‌ಗಳನ್ನೇ ಹೆಚ್ಚು ಸಂಖ್ಯೆಯಲ್ಲಿ ಕೊಳ್ಳುವುದು ಒಳ್ಳೆಯದು, ಏಕೆಂದರೆ ಇಬ್ಬರಿಗಿಂತ ಹೆಚ್ಚು ಮಕ್ಕಳು ಒಂದನ್ನು ಹಂಚಿಕೊಂಡರೆ ಮತ್ತೆ ಸಾಲು ನಿಲ್ಲುವ ಪದ್ಧತಿಯೇ ಬರುತ್ತದೆ. ನಾವು ಕೊಂಡ ಆನ್‌ಲೈನ್ ಮಾರಾಟಗಾರರೊಬ್ಬರಿಂದ ಬಂದ ಒಂದು ಪೊಟ್ಟಣದಲ್ಲಿ ಅಯಸ್ಕಾಂತಗಳೇ ಇರಲಿಲ್ಲ, ಬದಲಿ ಬರಲು ಹಲವು ದಿನ ಪತ್ರ ಬರೆಯಬೇಕಾಯಿತು. ಹಾಗಾಗಿ ಬಂದ ದಿನವೇ ಎಲ್ಲವನ್ನೂ ಬಿಚ್ಚಿ ಎಣಿಸಿಕೊಳ್ಳಿ. ಆಟಿಕೆ ಅಂಗಡಿಗಳಲ್ಲಿ 1200 ಪಟ್ಟು ಎಂದು ಬರೆದ ಪ್ಲಾಸ್ಟಿಕ್ ಸೂಕ್ಷ್ಮದರ್ಶಕಗಳೂ ಸಿಗುತ್ತವೆ. ವಿವರ ಬಿಡಿಸಿ ತೋರಿಸುವ ಶಕ್ತಿ ಮಸೂರಕ್ಕೆ ಇಲ್ಲದಿದ್ದರೆ ಎಷ್ಟು ಪಟ್ಟು ಹಿಗ್ಗಿಸಿದರೂ ಮಸುಕೇ ದೊಡ್ಡದಾಗುತ್ತದೆ, ಆ ಸಂಖ್ಯೆಗೆ ಮರುಳಾಗಬೇಡಿ.

ಹತ್ತು ತಿಂಗಳ ನಂತರ ಹದಿನಾಲ್ಕರಲ್ಲಿ ಹನ್ನೆರಡು ಚೆನ್ನಾಗಿವೆ. ಎರಡರ ಮಡಿಕೆಗಳು ಸಡಿಲವಾಗಿ ಚಿತ್ರ ತಿಳಿಯಾಗಿ ನಿಲ್ಲುವುದಿಲ್ಲ. ನಾಲ್ಕು ಮತ್ತು ಐದನೇ ತರಗತಿಗೆ, ಇಬ್ಬರಿಗೆ ಒಂದರಂತೆ, ವಾರಕ್ಕೊಂದು ಅವಧಿಯನ್ನು ಬಿಟ್ಟುಕೊಡಬಲ್ಲ ಶಿಕ್ಷಕರಿರುವ ಶಾಲೆಗೆ ಇದನ್ನು ನಾನು ಯಾವ ಸಂಕೋಚವೂ ಇಲ್ಲದೆ ಶಿಫಾರಸು ಮಾಡುತ್ತೇನೆ. ವಿಜ್ಞಾನ ದಿನಕ್ಕೊಮ್ಮೆ ಪ್ರದರ್ಶಿಸಲು ಮಾತ್ರ ಬೇಕೆನ್ನುವವರು ಕೊಳ್ಳದಿರುವುದೇ ಮೇಲು.

ಡಿಸೆಂಬರಿನಿಂದ ಶನಿವಾರದಂದು ಸರದಿಯ ಮೇಲೆ ಮನೆಗೂ ಕೊಟ್ಟು ಕಳಿಸುತ್ತಿದ್ದೇವೆ. ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗುತ್ತಾರೆ. ಚಿಟ್ಟೆಯ ರೆಕ್ಕೆಯನ್ನು ಹೆಂಚು ಎಂದವಳು ಒಂದು ಸೋಮವಾರ ಅಂಟುಪಟ್ಟಿಯ ಕೆಳಗೆ ಅಕ್ಕಿಹುಳದ ಮುಂದಲೆಯನ್ನು ಹಿಡಿದು ತಂದಿದ್ದಳು. ಪುಸ್ತಕದಲ್ಲಿ ಉದ್ದ ಮೂತಿಯ ಚಿತ್ರ, ಪಕ್ಕದಲ್ಲಿ ಒಂದು ಕೂದಲೆಳೆ, ಅದರ ಕೆಳಗೆ ತೂತು ಬಿದ್ದ ಅಕ್ಕಿಕಾಳಿನ ಚಿತ್ರ, ಕೊನೆಗೆ ಹೀಗೆ ಬರೆದಿದ್ದಳು: "ತೂತು ಮೂತಿಗಿಂತ ದೊಡ್ಡದು ಇದೆ. ಹೊರಗಿಂದ ಕೊರೆದಿದ್ದಾ, ಒಳಗಿಂದ ಬಂದಿದ್ದಾ? ಅಜ್ಜಿ ಹತ್ರ ಇನ್ನೊಂದು ಸೇರು ಹುಳ ಹಿಡಿದ ಅಕ್ಕಿ ಇದೆ, ನೋಡ್ತೀನಿ."